ಬೆಟ್ಟದ ಮೇಲಿನ ಗಾಳಿಚೀಲ

ಎತ್ತರದ ಪರ್ವತ ಹತ್ತಿ ಕಾಯಿಲೆ ಬಿದ್ದವರನ್ನು ಒಳಗೆ ಮಲಗಿಸಿ, ಕಾಲಿನಿಂದ ಗಾಳಿ ಒತ್ತಿ, ಕೆಳಗಿನ ಊರಿನ ಹವೆಯನ್ನೇ ಅಲ್ಲಿ ಉಂಟುಮಾಡುವ ಚೀಲವೊಂದು ಒಂಟಿಕೊಪ್ಪಲಿನ ಪರ್ವತಾರೋಹಣ ಮಂಡಳಿಯ ಉಗ್ರಾಣಕ್ಕೆ ಬಂದು ಸೇರಿತು. ಉಗ್ರಾಣದ ಮೂಗಯ್ಯನವರು ಅದಕ್ಕೆ ಊದುಬತ್ತಿ ಬೆಳಗಿಯೇ ದಾಖಲೆಗೆ ಏರಿಸಿದರು. ಜೀವ ಉಳಿಸಲು ಬಂದ ವಸ್ತುವಿನಲ್ಲಿ ದೇವರಿರುತ್ತಾನೆ.

ಹಿಮಾಲಯಕ್ಕೆ ಹೊರಟಿದ್ದ ತಂಡದ ನಾಯಕಿ ಧರಣಿ ಚೀಲ ಕೇಳಲು ಬಂದಳು. ಹೋದ ವರ್ಷ ಜೊತೆಯವಳೊಬ್ಬಳು ತಲೆಸುತ್ತಿ ಬಿದ್ದು, ಶಿಖರ ಕಣ್ಣಿಗೆ ಕಾಣುತ್ತಿರುವಾಗಲೇ ಎಲ್ಲರೂ ಇಳಿಯಬೇಕಾಗಿತ್ತು. ಈ ಸಲ ಚೀಲವಿಲ್ಲದೆ ಹೊರಡಕೂಡದೆಂದು ಡಾಕ್ಟರು ಹೇಳಿದ್ದರು. ರೈಲು ಶುಕ್ರವಾರ.

ಕಾರ್ಯದರ್ಶಿ ಶಿವಪ್ರಕಾಶರು ನಿಯಮ ಹದಿನಾಲ್ಕನ್ನು ತೋರಿಸಿದರು. ಹೊಸ ಉಪಕರಣವನ್ನು ಸ್ಥಳೀಯ ರೋಗಿಯೊಬ್ಬರ ಮೇಲೆ ಪ್ರಯೋಗಿಸಿ, ಗುಣವಾಯಿತೆಂದು ಸಹಿ ಪಡೆಯದೆ ಹೊರಗೆ ಬಿಡುವಂತಿರಲಿಲ್ಲ. ಅಂದೇ ಪ್ರಕಟಣೆ ಹೊರಟಿತು:

“ಮೈಸೂರು ನಗರ ವ್ಯಾಪ್ತಿಯಲ್ಲಿ ಪರ್ವತದ ಕಾಯಿಲೆಯಿಂದ ನರಳುತ್ತಿರುವ ನಾಗರಿಕರು ಆಧಾರ್ ಪ್ರತಿಯೊಂದಿಗೆ ಖುದ್ದು ಹಾಜರಾಗತಕ್ಕದ್ದು. ಕೆಳಗಿಳಿದು ತಾವಾಗಿಯೇ ವಾಸಿಯಾದವರು ಅರ್ಹರಲ್ಲ.”

ಬುಧವಾರದವರೆಗೆ ಬಂದವರು ರಾಜೀವನಗರದ ಒಬ್ಬರೇ. ಮೂರನೇ ಮಹಡಿಯ ಮನೆ, ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ ಎಂದರು. ಕಟ್ಟಡದಲ್ಲಿ ಲಿಫ್ಟ್ ಇರುವುದು ತಿಳಿದು ಅರ್ಜಿ ತಿರಸ್ಕೃತವಾಯಿತು.

ಧರಣಿಯ ಸಪ್ಪೆ ಮುಖ ನೋಡಲಾರದೆ ಮೂಗಯ್ಯನವರು ತಾವೇ ರೋಗಿಯಾಗುವುದೆಂದು ಚಾಮುಂಡಿ ತಾಯಿಗೆ ಹರಕೆ ಹೊತ್ತರು. ಗುರುವಾರ ಖಾಲಿ ಹೊಟ್ಟೆಯಲ್ಲಿ, ಚಾಮುಂಡಿ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತಿದರು. ಐವತ್ತೊಂಬತ್ತರ ದೇಹ, ಮೇಲೆ ಮುಟ್ಟುವಷ್ಟರಲ್ಲಿ ಏದುಸಿರು. ತಾಯಿ ಕೇಳಿದ್ದನ್ನು ಕೊಟ್ಟಿದ್ದಳು.

ಧರಣಿಯೊಡನೆ ಜೀಪಿನಲ್ಲಿ ಚೀಲ ತಂದು ಮೇಲೆ ಕಾದಿದ್ದ ಶಿವಪ್ರಕಾಶರು ಫಾರಂ ತೆಗೆದರು. “ತಲೆ ಸುತ್ತುತ್ತಾ ಮೂಗಯ್ಯನವರೇ?”

“ಸುತ್ತುತ್ತೆ ಸಾರ್. ತಿಂಡಿ ತಿಂದಿಲ್ಲ.”

“ತಿಂಡಿ ವಿಷಯ ಇದರಲ್ಲಿ ಕೇಳಿಲ್ಲ ಕಣ್ರೀ. ಮಲಗಿ.”

ಧರಣಿಯೇ ಪಂಪು ಒತ್ತಿದಳು. ಒಂದು ಗಂಟೆ ಗೊರಕೆ ಹೊಡೆದೆದ್ದ ಮೂಗಯ್ಯನವರು ಗುಣಮುಖರಾಗಿ ಸಹಿ ಹಾಕಿದರು. ಕೂಡಲೇ ನಿಯಮ ಹದಿನೈದು ಜಾರಿಗೆ ಬಂತು: ಪ್ರಯೋಗ ಯಶಸ್ವಿಯಾದ ಸ್ಥಳವನ್ನು ಬಿಟ್ಟು ಬೇರೆಡೆ ಉಪಕರಣವನ್ನು ಬಳಸತಕ್ಕದ್ದಲ್ಲ.

“ಹಂಗಾದ್ರೆ ಚೀಲ ಹಿಮಾಲಯಕ್ಕೆ ಬರಲ್ವಾ ಸಾರ್?” ಎಂದಳು ಧರಣಿ.

“ಬರಲ್ಲ ಕಣಮ್ಮ. ನೀವೇ ಇಲ್ಲಿಗೆ ಬಂದ್ಬುಡಿ, ರೂಲ್ಸಲ್ಲಿ ಅಡ್ಡಿಯಿಲ್ಲ.”

ಅವಳ ಕಣ್ಣು ತುಂಬಿತು. ಎತ್ತರದಲ್ಲಿ ಕೂತ ದೇವರೆಲ್ಲ ಒಂದೇ ಮಗಳೇ ಎಂದು ಮೂಗಯ್ಯನವರು ಮನಸಾರೆ ಸಮಾಧಾನ ಹೇಳಿದರು.

ಶುಕ್ರವಾರ ತಂಡವು ಉಣ್ಣೆಯ ಟೋಪಿ ತೊಟ್ಟು, ಮಂಜು ಕಡಿಯುವ ಕೊಡಲಿ ಹಿಡಿದು ಬೆಟ್ಟದ ಬಸ್ಸು ಹತ್ತಿತು. ಮೇಲೆ ಯಾರಿಗೂ ಕಾಯಿಲೆ ಬರಲಿಲ್ಲ. ಚೀಲ ಪಕ್ಕದಲ್ಲಿದ್ದುದೇ ಕಾರಣವೆಂದು ಮಂಡಳಿ ಠರಾವು ಮಾಡಿತು. ಧರಣಿ ಅದಕ್ಕೆ ಸಹಿ ಹಾಕಿ, ಬರುವ ವರ್ಷದ ಯಾತ್ರೆಗೂ ಹೆಸರು ಬರೆಸಿದಳು. ಕಿಟಕಿ ಪಕ್ಕದ ಸೀಟು ಬೇಕೆಂದಷ್ಟೇ ಕೇಳಿಕೊಂಡಳು.