ಪ್ರಜೆಗಳ ಪರವಾಗಿ ಒಂದು ಸೂಜಿ

ಬಹಳ ಹಿಂದೆ, ಅಂದರೆ ಪ್ರೆಸ್ ನೋಟ್ ಎಂಬುದು ಹುಟ್ಟಿ ಇನ್ನೂ ಸ್ವಲ್ಪವೇ ದಿನವಾಗಿದ್ದಾಗ, ಕುಶಲಾವತಿ ಎಂಬ ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಸೌಖ್ಯವರ್ಮರು ಆಳುತ್ತಿದ್ದರು. ಆಳುತ್ತಿದ್ದರು ಎಂದೆನಲ್ಲ, ತಿದ್ದಿಕೊಳ್ಳುತ್ತೇನೆ: ಆಳಿಸುತ್ತಿದ್ದರು. ಆ ರಾಜ್ಯದಲ್ಲಿ ಯಾವ ಕೆಲಸವನ್ನೂ ಅದಕ್ಕೆ ಸಂಬಂಧಪಟ್ಟವರೇ ಮಾಡುವ ಪದ್ಧತಿ ಇರಲಿಲ್ಲ. ಎಲ್ಲವೂ ಪ್ರತಿನಿಧಿಗಳ ಮೂಲಕವೇ ನಡೆಯಬೇಕು. ಮಹಾರಾಜರು ಬೆಳಗ್ಗೆ ವಾಕಿಂಗ್ ಮಾಡಬೇಕೆಂದು ವೈದ್ಯರು ಹೇಳಿದಾಗ ಅವರ ಪರವಾಗಿ ದಳವಾಯಿ ನಡೆದ. ಆರು ತಿಂಗಳಲ್ಲಿ ದಳವಾಯಿ ಕಡ್ಡಿಯಾದ, ಮಹಾರಾಜರು ಹಾಗೇ ಇದ್ದರು. ಪ್ರಜೆಗಳಿಗೆಲ್ಲ ಯುಗಾದಿಯ ಔತಣ ಎಂದು ಡಂಗುರ ಹೊಡೆಸಿದಾಗ ಪ್ರಜೆಗಳ ಪರವಾಗಿ ಮಂತ್ರಿಮಂಡಲ ಉಂಡಿತು. ಪ್ರಜೆಗಳ ಪರವಾಗಿ ತೇಗಿದವರೂ ಅವರೇ.

ಇಂಥ ರಾಜ್ಯಕ್ಕೆ ಒಂದು ದಿನ ನೆರೆರಾಜ್ಯದಿಂದ ಓಲೆ ಬಂತು. ‘ನಮ್ಮಲ್ಲಿ ದಡಾರ ಎದ್ದಿದೆ. ಮಕ್ಕಳು ಹಾಸಿಗೆ ಹಿಡಿಯುತ್ತಿದ್ದಾರೆ. ನಿಮ್ಮ ಮಕ್ಕಳಿಗೆ ಬೇಗ ಲಸಿಕೆ ಹಾಕಿಸಿ’ ಎಂದಿತ್ತು. ಓಲೆಯನ್ನು ಮಹಾರಾಜರ ಪರವಾಗಿ ಮಹಾಮಂತ್ರಿ ಅನುಮೋದಾಚಾರ್ಯರು ಓದಿ, ಮಹಾರಾಜರ ಪರವಾಗಿ ಗಾಬರಿಯಾದರು.

ಲಸಿಕೆಗೇನೂ ಕೊರತೆಯಿರಲಿಲ್ಲ, ಅರಮನೆಯ ಉಗ್ರಾಣದಲ್ಲಿ ಬೇಕಾದಷ್ಟಿತ್ತು. ಅದನ್ನು ಮಕ್ಕಳ ತೋಳಿನವರೆಗೆ ತಲುಪಿಸುವ ವಿದ್ಯೆ ಮಾತ್ರ ಇಡೀ ರಾಜ್ಯದಲ್ಲಿ ಒಬ್ಬರಿಗೇ ಗೊತ್ತಿತ್ತು. ಅವರು ಪುಟ್ಟಲಿಂಗಮ್ಮ, ಸರ್ಕಾರಿ ನರ್ಸು. ಬಿದಿರು ಹೆಣೆಯುವವರ ಬುಟ್ಟಿಗೇರಿಯಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಅವರು ಲಸಿಕೆ ಹಾಕಿ ಮುಗಿಸಿದ್ದರು. ಅವರನ್ನು ಆಸ್ಥಾನಕ್ಕೆ ಕರೆಸಲಾಯಿತು. ಹೆಗಲಿಗೆ ಲಸಿಕೆಯ ನೀಲಿ ಐಸ್ ಡಬ್ಬ ತೂಗುಹಾಕಿಕೊಂಡೇ ಬಂದರು.

“ಬುಟ್ಟಿಗೇರಿಯವರು ಸುಲಭದಲ್ಲಿ ಬಾಗಿಲು ತೆರೆಯುವವರಲ್ಲವೆಂದು ಕೇಳಿದ್ದೇವೆ. ನೀನು ಅದೆಂತು ಸಾಧಿಸಿದೆ?” ಎಂದು ಮಹಾಮಂತ್ರಿಗಳು ಕೇಳಿದರು.

“ನಾನೊಬ್ಳೇ ಹೋದಾಗ ತೆಗೀಲಿಲ್ಲ ಸ್ವಾಮಿ. ಸೂಜಿ ಹಾಕ್ಸಿದ್ರೆ ಜ್ವರ ಬರತ್ತೆ ಅಂತ ಹೆದರ್ಕೊಂಡಿದ್ರು. ಆಮೇಲೆ ಆ ಕೇರಿ ಸೂಲಗಿತ್ತಿ ಅಜ್ಜೀನ ಜೊತೆಗೆ ಕರ್ಕೊಂಡೆ. ಮಸೀದಿ ಪಕ್ಕದ ಟೀ ಅಂಗಡಿ ಸಾಹೇಬ್ರು ತಮ್ಮ ಮೊಮ್ಮಗೂಗೆ ಎಲ್ರ ಎದುರಿಗೇ ಹಾಕ್ಸಿದ್ರು. ಸಂಘದ ಹೆಣ್ಮಕ್ಳು ಜ್ವರ ಬಂದ ಮನೇಲಿ ಹೋಗಿ ಕೂತ್ಕೊಂಡು, ಒಂದಿನಕ್ಕೆ ಇಳಿಯತ್ತೆ ಸುಮ್ನಿರಮ್ಮ ಅಂತ ಧೈರ್ಯ ಹೇಳಿದ್ರು. ಬಾಗಿಲು ತೆಗೆಸ್ದೋರು ಅವ್ರು. ನಾನು ಬರೀ ಡಬ್ಬ ಹೊತ್ತೋಳು.”

“ಇದಕ್ಕೆ ಏನೆನ್ನುತ್ತಾರೆ?” ಎಂದರು ಮಹಾರಾಜರು.

“ಸಮುದಾಯ ಸಹಭಾಗಿತ್ವ ಎನ್ನುತ್ತಾರೆ ಪ್ರಭು,” ಎಂದರು ಮಹಾಮಂತ್ರಿಗಳು. ಹಿಂದಿನ ವಾರವಷ್ಟೇ ಅವರು ಒಂದು ವರ್ಕ್‌ಶಾಪಿಗೆ ಹೋಗಿ, ಆ ಮಾತನ್ನು ಕೇಳಿ, ಸರ್ಟಿಫಿಕೇಟಿನೊಂದಿಗೆ ಹಿಂತಿರುಗಿದ್ದರು.

“ಎಲ್ಲಾ ಕೇರೀಲೂ ಹಿಂಗೇ ಅಲ್ಲಿಯೋರ್ನ ಜೊತೆಗೆ ಹಾಕ್ಕೊಂಡು ಹೋದ್ರೆ ಒಂದು ತಿಂಗಳಲ್ಲಿ ಮುಗೀತದೆ ಬುದ್ಧಿ,” ಎಂದರು ಪುಟ್ಟಲಿಂಗಮ್ಮ. “ಐಸು ಕೊಡಿ, ಇನ್ನೊಂದು ನಾಲ್ಕು ಜನ ನರ್ಸ್ ಕೊಡಿ. ಬುಟ್ಟಿಗೇರೀಲಿ ಒಂದೇ ಒಂದು ಮಗು ಉಳ್ದಿದೆ, ಸಣ್ಣಕ್ಕನ ಮಗಳು ಗಿಣಿ. ಬುಧವಾರಕ್ಕೆ ಅದಕ್ಕೆ ಒಂಬತ್ತು ತಿಂಗಳು ತುಂಬತ್ತೆ. ಅವತ್ತು ಡಬ್ಬ ತಂದೇ ತರ್ತೀನಿ ಅಂತ ಮಾತು ಕೊಟ್ಟಿದೀನಿ.”

ಎಲ್ಲವೂ ಸರಿಹೋಗುತ್ತಿತ್ತೇನೋ. ಅಷ್ಟರಲ್ಲಿ ಯಾರೋ ಶಿಷ್ಟಾಚಾರದ ಅಧಿಕಾರಿ ಎದ್ದು, ಇಂಥ ಕಾರ್ಯಕ್ರಮದಲ್ಲಿ ಮೊದಲ ಸೂಜಿ ಮಹಾರಾಜರಿಗೇ ಎಂದು ನೆನಪಿಸಿದ. ಮಹಾರಾಜರ ಮುಖ ಸುಣ್ಣವಾಯಿತು. ಯುದ್ಧಕ್ಕೆ ಹೆದರದ ವಂಶ ಅದು. ಯುದ್ಧಕ್ಕೂ ಪ್ರತಿನಿಧಿಗಳೇ ಹೋಗುತ್ತಿದ್ದರೆಂಬುದು ಬೇರೆ ಮಾತು. ಸೂಜಿ ಎಂದರೆ ಮಾತ್ರ ಸಿಂಹಾಸನದಲ್ಲೇ ಬೆವರುತ್ತಿದ್ದರು.

ಅನುಮೋದಾಚಾರ್ಯರು ಮಂತ್ರಿಯಾದದ್ದು ಸುಮ್ಮನೆ ಅಲ್ಲ. “ಪ್ರಭು, ತಾವು ಮಾತಾಡಿದರೆ ಪ್ರಜೆಗಳೆಲ್ಲ ಮಾತಾಡಿದಂತೆ. ನಾವು ಉಂಡರೆ ಪ್ರಜೆಗಳು ಉಂಡಂತೆ. ಹೀಗಿರಲು, ಸಮುದಾಯದ ಮುಖಂಡ ಚುಚ್ಚಿಸಿಕೊಂಡರೆ ಸಮುದಾಯವೇ ಚುಚ್ಚಿಸಿಕೊಂಡಂತಾಗದೆ? ಒಂದು ತಿಂಗಳ ಟಾರ್ಗೆಟ್ಟು ಒಂದೇ ಮಧ್ಯಾಹ್ನಕ್ಕೆ ಮುಗಿಯುತ್ತದೆ.”

“ನಮ್ಮ ಪರವಾಗಿ ಯಾರು?”

“ತಮ್ಮ ಭಾವಚಿತ್ರವಿದೆಯಲ್ಲ ಪ್ರಭು.”

ಆಸ್ಥಾನದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಅದರ ನಡುವೆ ಪುಟ್ಟಲಿಂಗಮ್ಮ ಕೇಳಿದರು: “ಬುದ್ಧೀ, ಸೂಜಿ ಯಾರ ತೋಳಿಗೆ ಹಾಕ್ತೀವೋ ಅವ್ರಿಗೇ ಅಲ್ವಾ ಅದು ಕೆಲಸ ಮಾಡೋದು?”

“ಅದು ಟೆಕ್ನಿಕಲ್ ವಿಷಯ,” ಎಂದರು ಮಹಾಮಂತ್ರಿಗಳು. ಕುಶಲಾವತಿಯಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಟೆಕ್ನಿಕಲ್ ಎಂದು ಕರೆದು ಉಪಸಮಿತಿಗೆ ಕಳಿಸುವುದು ವಾಡಿಕೆ. ಆ ಉಪಸಮಿತಿ ಈಗಲೂ ಕೂತಿದೆ ಎಂದು ಕೇಳಿದ್ದೇನೆ.

ಸ್ವಸ್ತಿಶ್ರೀ ಎಂದು ಆರಂಭವಾಗಿ ‘ತುರ್ತು’ ಎಂಬ ಸೀಲಿನೊಂದಿಗೆ ಮುಗಿಯುವ ರಾಜಾಜ್ಞೆ ಹೊರಟಿತು: ಬುಧವಾರ ಪ್ರತಿಯೊಂದು ಸಮುದಾಯವೂ ಒಂದು ತೋಳನ್ನು ಅರಮನೆಗೆ ಕಳುಹಿಸತಕ್ಕದ್ದು. ಲಸಿಕೆಯ ಡಬ್ಬಗಳೆಲ್ಲ ಅಂದು ವೇದಿಕೆಯ ಮೇಲೆಯೇ ಇರತಕ್ಕದ್ದು.

ಆ ಬುಧವಾರದ ವೈಭವವನ್ನು ಏನೆಂದು ಹೇಳಲಿ! ಒಂದೊಂದು ಸಮುದಾಯದಲ್ಲೂ ತೋಳಿಗಾಗಿ ಇಬ್ಬರು ಮೂವರು ಕಿತ್ತಾಡಿದರು. ಎಡತೋಳಿನ ಬಣ, ಬಲತೋಳಿನ ಬಣ ಎಂದು ಸಂಘಗಳು ಒಡೆದವು. ಗೆದ್ದವರು ಬಹುಮುಖಪ್ಪನವರು. ಏಳು ಸಂಘಗಳಿಗೆ ಅಧ್ಯಕ್ಷರಾದ್ದರಿಂದ ಅವರಿಗೆ ಏಳು ಸೂಜಿ. ಎರಡನೆಯದನ್ನು ಹಾಕಲು ಪುಟ್ಟಲಿಂಗಮ್ಮ ಒಪ್ಪದೆ ಹಿಂದೆ ಸರಿದರು. ಉಳಿದದ್ದನ್ನು ಆಸ್ಥಾನ ವೈದ್ಯರು ನೆರವೇರಿಸಿದರು. ಏಳನೆಯದು ಕುಶಲಾವತಿ ಮಕ್ಕಳ ಸಂಘದ ಪರವಾಗಿ. ಅದರ ಅಧ್ಯಕ್ಷರಿಗೆ ಆಗ ಎಪ್ಪತ್ತೊಂದು ವರ್ಷ.

“ನೋವಾಗ್ತಿಲ್ವಾ ಅಧ್ಯಕ್ಷರೇ?” ಎಂದು ಪತ್ರಕರ್ತರು ಕೇಳಿದ್ದಕ್ಕೆ, “ಜನಸೇವೆ ಅಂದ್ಮೇಲೆ ತೋಳು ನೋಡ್ಕೋತಾ ಕೂತ್ರೆ ಆಯ್ತದೇನ್ರೀ?” ಎಂದರು. ಕೈಮುಗಿಯಲು ಮಾತ್ರ ಕೈ ಮೇಲೇಳಲಿಲ್ಲ. ಕೊನೆಗೆ ಮಹಾರಾಜರ ಭಾವಚಿತ್ರದ ಬಲತೋಳಿಗೆ ಸೂಜಿ ಚುಚ್ಚಲಾಯಿತು. ಭಾವಚಿತ್ರಕ್ಕೆ ಜ್ವರವೇನೂ ಬಾರದಿದ್ದುದರಿಂದ ಲಸಿಕೆ ಸಂಪೂರ್ಣ ಸುರಕ್ಷಿತವೆಂದು ಘೋಷಣೆಯಾಯಿತು. ಕೆಲಸ ಮುಗಿಯಿತಲ್ಲ, ಉಗ್ರಾಣಕ್ಕೆ ಬೀಗ ಬಿತ್ತು. ಪುಟ್ಟಲಿಂಗಮ್ಮನವರ ನೀಲಿ ಡಬ್ಬಕ್ಕೆ ಹಾರ ಹಾಕಿ, ಐತಿಹಾಸಿಕ ವಸ್ತುವೆಂದು ಮ್ಯೂಸಿಯಮ್ಮಿನ ಗಾಜಿನ ಬೀರುವಿನಲ್ಲಿಟ್ಟರು.

ಅದೇ ಬುಧವಾರ ಬೆಳಗ್ಗೆ ಸಣ್ಣಕ್ಕ ಮಗಳಿಗೆ ಎಣ್ಣೆನೀರು ಹಾಕಿ, ತೋಳಿಲ್ಲದ ಅಂಗಿ ತೊಡಿಸಿ, ಹೊಸ್ತಿಲ ಮೇಲೆ ಕೂತಿದ್ದಳು. ಆ ದಿನ ಬುಟ್ಟಿ ಮಾರಲು ಹೋಗಲಿಲ್ಲ. ಬಿಸಿಲು ಇಳಿದ ಮೇಲೆ ಪುಟ್ಟಲಿಂಗಮ್ಮ ಬರಿಗೈಯಲ್ಲಿ ಬಂದರು.

“ಡಬ್ಬ ಎಲ್ಲಿ ನರ್ಸಮ್ಮ?”

“ಗಿಣಿ ಪರವಾಗಿ ಹಾಕಿಸ್ಕೊಂಡಾಯ್ತಂತೆ ಕಣೆ.”

“ಯಾರು?”

“ಬಹುಮುಖಪ್ಪನೋರು.”

ಸಣ್ಣಕ್ಕ ಮಗಳ ಬರಿತೋಳನ್ನು ನೋಡಿದಳು. “ಅವ್ರ ತೋಳಿಗೆ ಹಾಕಿದ್ದು ಇವ್ಳಿಗೆ ಹೆಂಗ್ ಬತ್ತದೆ ನರ್ಸಮ್ಮ?” ಎಂದಳು. ಇಡೀ ಆಸ್ಥಾನ ಉಪಸಮಿತಿಗೆ ತಳ್ಳಿದ ಪ್ರಶ್ನೆ ಬುಟ್ಟಿ ಹೆಣೆಯುವ ಹೆಂಗಸಿಗೆ ಥಟ್ಟನೆ ಹೊಳೆಯಿತು. ಮಾರನೆಯ ದಿನದಿಂದ ಬೀಗದ ಕೈಗಾಗಿ ಪುಟ್ಟಲಿಂಗಮ್ಮ ಕಚೇರಿ ಕಚೇರಿ ಅಲೆದರು. ಉಗ್ರಾಣದವರು ಮ್ಯೂಸಿಯಮ್ಮಿಗೆ ಕಳಿಸಿದರು, ಮ್ಯೂಸಿಯಮ್ಮಿನವರು ಉಗ್ರಾಣಕ್ಕೆ ಕಳಿಸಿದರು. ಹೀಗೆ ಹನ್ನೆರಡು ದಿನ ಹೋಯಿತು.

ಹದಿಮೂರನೆಯ ದಿನ ದಡಾರ ಬಂತು. ಪಾಪ, ಅದಕ್ಕೆ ಶಿಷ್ಟಾಚಾರ ತಿಳಿಯದು. ಪ್ರತಿನಿಧಿಗಳನ್ನು ಭೇಟಿಯಾಗದೆ ನೇರವಾಗಿ ಜನರ ಮನೆಗೇ ಹೋಯಿತು. ಕುಂಬಾರಗೇರಿ, ಗಾಣಿಗರ ಬೀದಿ, ಕೋಟೆ ಹಿಂದಿನ ಸಾಲುಮನೆ, ಎಲ್ಲೆಡೆ ಮಕ್ಕಳು ಕೆಂಡದಂತೆ ಸುಡುತ್ತ ಮಲಗಿದರು. ಬುಟ್ಟಿಗೇರಿಯಲ್ಲಿ ಮಾತ್ರ ಮಕ್ಕಳು ಆಡಿಕೊಂಡೇ ಇದ್ದರು, ಒಂದು ಮಗುವನ್ನು ಬಿಟ್ಟು. ಸಂತೆಯಲ್ಲಿ ಬುಟ್ಟಿ ಮಾರುವ ತಾಯಿಯ ಸೊಂಟದ ಮೇಲೆ ಕೂತು ಹೋಗಿಬಂದ ಗಿಣಿಗೆ ಮೈತುಂಬ ಗುಳ್ಳೆ ಎದ್ದಿತ್ತು.

ಮಹಾರಾಜರು ವರದಿ ಕೇಳಿದರು. “ಪ್ರಭು, ಲಸಿಕೆಗೆ ಪ್ರತಿನಿಧಿ ಇರುವಾಗ ರೋಗಕ್ಕೂ ಇರಬೇಕಾದ್ದು ನ್ಯಾಯ. ಕೇರಿಗೊಬ್ಬ ರೋಗಿಯನ್ನು ಎಣಿಸಿದರೆ ಸಾಕು,” ಎಂದರು ಅನುಮೋದಾಚಾರ್ಯರು. ರಾಜಧಾನಿಯಲ್ಲಿ ಇಪ್ಪತ್ತೆರಡು ಕೇರಿಗಳಿದ್ದವು. ಇಪ್ಪತ್ತೆರಡು ರೋಗಿಗಳೆಂದು ವರದಿ ಹೋಯಿತು. ಅದರಲ್ಲಿ ನಿಜವಾಗಿದ್ದದ್ದು ಬುಟ್ಟಿಗೇರಿಯ ಲೆಕ್ಕ ಒಂದೇ.

ಗಿಣಿಯ ಜ್ವರ ಎಂಟು ದಿನಕ್ಕೆ ಇಳಿಯಿತು. ಕಿವಿ ಸೋರುವುದು ನಿಲ್ಲಲು ಒಂದು ತಿಂಗಳು ಹಿಡಿಯಿತು. ಪುಟ್ಟಲಿಂಗಮ್ಮ ದಿನವೂ ಬಂದು, ಹತ್ತಿಯಲ್ಲಿ ಕಿವಿ ಒರೆಸಿ, ಔಷಧಿ ಕೊಟ್ಟು ಹೋಗುತ್ತಿದ್ದರು. ಉಳಿದ ಕೇರಿಗಳಲ್ಲಿ ಉಳಿಯದ ಮಕ್ಕಳೂ ಇದ್ದರು. ಅವರಿಗೆ ಹೋಲಿಸಿದರೆ ಗಿಣಿಯದು ಪುಣ್ಯವೆಂದೇ ಎಲ್ಲರೂ ಹೇಳಿದರು, ಸಣ್ಣಕ್ಕನೂ ಹಾಗೆಂದೇ ನಂಬಿದಳು.

ಅತಿ ಕಡಿಮೆ ರೋಗಿಗಳ ರಾಜ್ಯವೆಂದು ಕುಶಲಾವತಿಗೆ ಪ್ರಶಸ್ತಿ ಬಂತು. ವಿಜಯಯಾತ್ರೆ ಹೊರಟಿತು. ಮುಂದೆ ನಗಾರಿ, ಕಹಳೆ, ಬ್ಯಾಂಡ್‌ಸೆಟ್ಟು. ಹಿಂದೆ ಆನೆಯ ಮೇಲೆ ಮಹಾರಾಜರು, ಜೀಪಿನಲ್ಲಿ ಏಳು ಶಾಲು ಹೊದ್ದ ಬಹುಮುಖಪ್ಪನವರು. ಬುಟ್ಟಿಗೇರಿಯ ಮಕ್ಕಳೆಲ್ಲ ಕಿರುಚುತ್ತ ಬೀದಿಗೆ ಓಡಿದರು. ಸಣ್ಣಕ್ಕನ ಮನೆಯ ಜಗಲಿಯ ಮೇಲೆ ಗಿಣಿ ಬೀದಿಗೆ ಬೆನ್ನು ಮಾಡಿ ಕೂತು ಬಿದಿರಿನ ಸೀಳಿನೊಂದಿಗೆ ಆಡುತ್ತಿತ್ತು. ನಗಾರಿ ಜಗಲಿಯ ಪಕ್ಕದಲ್ಲೇ ಹೋಯಿತು. ಗಿಣಿ ಆಡುತ್ತಲೇ ಇತ್ತು.

ಮಹಾರಾಜರು ಆನೆ ನಿಲ್ಲಿಸಿದರು. “ಆಹಾ, ಇಷ್ಟು ಗದ್ದಲದಲ್ಲೂ ಎಂತಹ ಶಾಂತ ಮಗು! ಎಂತಹ ಆರೋಗ್ಯ!”

“ಇದೇ ಮಗುವನ್ನು ರಾಜ್ಯದ ಆರೋಗ್ಯವಂತ ಮಕ್ಕಳ ಪ್ರತಿನಿಧಿ ಎಂದು ನೇಮಿಸೋಣ ಪ್ರಭು. ಪೋಸ್ಟರಿಗೆ ಫೋಟೋ ಆಗುತ್ತದೆ,” ಎಂದರು ಮಹಾಮಂತ್ರಿಗಳು.

“ಏನಮ್ಮ, ಸಂತೋಷವೆ?” ಎಂದು ಮಹಾರಾಜರು ತಾಯಿಯನ್ನು ಕೇಳಿದರು.

“ಬಹಳ ಸಂತೋಷವಂತೆ ಪ್ರಭು,” ಎಂದು ಸಣ್ಣಕ್ಕನ ಪರವಾಗಿ ಮಹಾಮಂತ್ರಿಗಳೇ ಹೇಳಿದರು.

ಸಣ್ಣಕ್ಕ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳು ಮಗಳ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಕಿವಿಯ ಪಕ್ಕದಲ್ಲಿ ಚಪ್ಪಾಳೆ ತಟ್ಟುತ್ತಿದ್ದಳು. “ಗಿಣೀ,” ಎಂದು ಕರೆದು ಇನ್ನೊಮ್ಮೆ ತಟ್ಟಿದಳು. ಮತ್ತೆ ಜೋರಾಗಿ ತಟ್ಟಿದಳು. ತಾಯಿಯೇ ಚಪ್ಪಾಳೆ ತಟ್ಟುತ್ತಿರುವುದನ್ನು ಕಂಡು ಬಹುಮುಖಪ್ಪನವರು ತಟ್ಟಿದರು, ಮಂತ್ರಿಗಳು ತಟ್ಟಿದರು, ಕೇರಿಯಿಡೀ ತಟ್ಟಿತು. ಗಿಣಿ ತಿರುಗಿ ನೋಡಲಿಲ್ಲ.