ಕಾಕಾನ ಗಾಜಿನ ಅರಿವೆ

ನಮ್ಮ ಕಾಕಾನ ಎದುರಿಗೆ ಹಳೇ ಧೋತರ ಉಟ್ಟುಕೊಂಡು ನಿಲ್ಲುವುದು ಅಪಾಯದ ಕೆಲಸವಾಗಿತ್ತು! ಹೊಸ ಬಟ್ಟೆಯವರನ್ನು ಆತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಆದರೆ ಧೋತರ ಸವೆದು ಸವೆದು ಇನ್ನೇನು ಹರಿಯಬೇಕು ಎನ್ನುವ ಹದಕ್ಕೆ ಬಂದವರು ಸಿಕ್ಕರೋ, ಮುಗಿಯಿತು. ಮೊದಲು ಕುಶಲ ಕೇಳುತ್ತಿದ್ದ. ಕೇಳುತ್ತ ಕೇಳುತ್ತಲೇ ಅವರ ಧೋತರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕುತ್ತಿದ್ದ. ಆಮೇಲೆ ಬಗ್ಗಿ, ಅದನ್ನು ತನ್ನ ಗಲ್ಲಕ್ಕೆ ಒತ್ತಿಕೊಳ್ಳುತ್ತಿದ್ದ. ಮಾನವಂತರು ಏನು ಮಾಡಬೇಕು ಹೇಳಿ!

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬೀದರಿನ ನಮ್ಮ ಮನೆಯಲ್ಲೇ ಇದ್ದ. ನಿಜಾಮನ ಕಾಲದ ದೊಡ್ಡ ಕಚೇರಿಯೊಂದರಲ್ಲಿ ಕಿಟಕಿಯ ಗಾಜು ಒರೆಸುವುದು ಆತನ ನೌಕರಿ. ಬರೀ ಅದೇ! ಕಸ ಹೊಡೆಯುವವರು ಬೇರೆ, ನೀರು ತರುವವರು ಬೇರೆ, ಬಾಗಿಲು ಕಾಯುವವರು ಬೇರೆ.

"ಗಾಜು ನೀರಿಂದ ಸಾಫ್ ಆಗ್ತದ ಅಂತ ತಿಳದೀರೇನು? ಗಾಜು ಸಾಫ್ ಆಗೋದು ಅರಿವಿಯಿಂದ" ಎನ್ನುತ್ತಿದ್ದ. ನಮ್ಮ ಕಡೆ ಬಟ್ಟೆಗೆ ಅರಿವೆ ಎನ್ನುತ್ತೇವೆ. ಕಾಕಾನಿಗೆ ಅದು ದೇವರು. ಹೊಸ ಅರಿವೆಗೆ ಗಂಜಿ ಇರುತ್ತದೆ, ಗಾಜಿನ ಮೇಲೆ ಗೆರೆ ಎಳೆಯುತ್ತದೆ, ಬೇಡ. ಬಣ್ಣದ್ದು ಬೇಡ. ಹೊಲಿಗೆ, ಗುಂಡಿ ಇದ್ದದ್ದಂತೂ ಹತ್ತಿರವೂ ಬರಕೂಡದು. ಒದ್ದೆ ಒರೆಸುವುದೇ ಬೇರೆ, ಒಣ ಒರೆಸುವುದೇ ಬೇರೆ. ಸಂಜೆಗೆ ಎಲ್ಲವನ್ನೂ ಬಿಸಿನೀರಲ್ಲಿ ಕುದಿಸಿ, ಬೆಳಗ್ಗೆ ಹುಲ್ಲಿನ ಮೇಲೆ ಹರವಬೇಕು. ಗೋಡೆಯ ಮೇಲೆ ಹಾಕಿದರೆ ನಮ್ಮೂರ ಕೆಂಪು ಮಣ್ಣು ಹತ್ತಿಕೊಳ್ಳುತ್ತದೆ. ಇನ್ನು ಎಣ್ಣೆಯ ಕೈ ತಾಗಿತೋ, ಆ ಅರಿವೆ ಜನ್ಮಕ್ಕೆ ನಾಲಾಯಕ್!

ಅವ್ವ ಒಮ್ಮೆ ಮರೆತು, ಒಲೆಯ ಮೇಲಿನ ಪಲ್ಯದ ಪಾತ್ರೆಯನ್ನು ಕಾಕಾನ ಅರಿವೆಯಿಂದ ಹಿಡಿದು ಇಳಿಸಿದಳು. ಆತ ಊಟ ಬಿಟ್ಟು ಎದ್ದು ಅತ್ತಿಗೆಗೆ ಹೇಳಿದ:

"ಆ ಅರಿವಿ ಸತ್ತಹೋಯ್ತು, ವೈನಿ."

ಅವ್ವನಿಗೂ ಸಿಟ್ಟು ಬಂತು. "ನಾ ಸತ್ತ ದಿನ ನನ್ನ ಸೀರಿನೂ ಒಯ್ಯರಿ ನಿಮ್ಮ ಗಾಜಿಗಿ!"

ಕಾಕಾ ಗಂಭೀರವಾಗಿ ವಿಚಾರ ಮಾಡಿ ಹೇಳಿದ: "ನಿಮ್ಮ ಸೀರಿ ಬಣ್ಣ ಬಿಡ್ತಾವ್ರಿ ವೈನಿ. ನಡ್ಯಂಗಿಲ್ಲ."

ಹಳೇ ಅರಿವೆ ಎಲ್ಲಿಂದ ತರುವುದು? ಅದಕ್ಕೂ ಆತನದೊಂದು ವ್ಯವಸ್ಥೆ ಇತ್ತು. ಭಾಲ್ಕಿಯ ಮದುವೆಯೊಂದರಲ್ಲಿ ಆತನಿಗೆ ಹೊಸ ಧೋತರದ ಉಡುಗೊರೆ ಕೊಟ್ಟು ಆಹೇರಿ ಮಾಡಿದರು. ಅದನ್ನು ಮಡಿಕೆಯೂ ಬಿಚ್ಚದೆ ನೇರ ಸಾಯಗಾಂವಿಗೆ ಒಯ್ದು, ಗುರುತಿನ ಒಬ್ಬ ರೈತನ ಕೈಗಿಟ್ಟ.

"ನೀ ಉಡು. ಎರಡ ವರ್ಷ ಉಟ್ಟು ವಾಪಸ್ ಕೊಡು."

"ಅಲ್ರಿ, ಹರದ್ರ?"

"ಹರೀಲಿ. ಎಣ್ಣಿ ಮಾತ್ರ ಮುಟ್ಟಿಸಬ್ಯಾಡ."

ಹೀಗೆ ಭಾಲ್ಕಿ, ಔರಾದ ಕಡೆಯ ಹಳ್ಳಿಗಳಲ್ಲೆಲ್ಲ ಯಾರ್ಯಾರೋ ಕಾಕಾನ ಧೋತರ ಉಟ್ಟುಕೊಂಡು ತಿರುಗುತ್ತಿದ್ದರು. ಮಾವಿನಕಾಯಿಯನ್ನು ಹಣ್ಣಾಗಲು ಹುಲ್ಲಿನಲ್ಲಿ ಅಡಿ ಹಾಕಿದವರು ಹೇಳಿ ಕಳಿಸುವಂತೆ ಬಸ್ಸಿನವರ ಕೈಯಲ್ಲಿ ಸುದ್ದಿ ಬರುತ್ತಿತ್ತು: "ಧೋತರ ಹಣ್ಣಾಗ್ಯಾದ, ಬಂದು ಒಯ್ಯರಿ!" ಇಂಥ ಮನೆತನದಲ್ಲಿ ಹುಟ್ಟಿದ ಹೆಣ್ಣುಮಗಳ ಸಂಕಟ ನಿಮಗೆ ಗೊತ್ತಾಗಲಿಕ್ಕಿಲ್ಲ.

ನನ್ನನ್ನು ಔರಾದ ಹತ್ತಿರದ ಎಕಂಬಾಕ್ಕೆ ಕೊಟ್ಟರು. ಮದುವೆಯಾದ ಹೊಸತರಲ್ಲಿ ಕಾಕಾ ನನ್ನನ್ನು ನೋಡಲು ಬಂದ. ನಮ್ಮ ಮಾವ ಕುರಿ ಸಾಕಿದ ದೊಡ್ಡ ಒಕ್ಕಲಿಗರು, ಊರಲ್ಲಿ ಅವರ ಮುಂದೆ ಯಾರೂ ದನಿ ಎತ್ತುತ್ತಿರಲಿಲ್ಲ. ಪಡಸಾಲೆಯಲ್ಲಿ ಚಹಾ ಆಯಿತು, ಮಳೆ ಬೆಳೆ ಆಯಿತು. ನಾನು ಒಳಗಿನಿಂದ ಇಣುಕಿದರೆ ಕಾಕಾನ ಬೆರಳು ಆಗಲೇ ಮಾವನ ಧೋತರದ ಮೇಲಿದೆ! ಕಾಕಾ ಅದನ್ನು ಗಲ್ಲಕ್ಕೆ ಒತ್ತಿ ನೋಡಿ, ಕೆಳಗೆ ಬಿಟ್ಟು ಹೇಳಿದ:

"ಇನ್ನ ಆರು ತಿಂಗಳ ಉಡ್ರಿ ಬೀಗರ. ಆಮ್ಯಾಲ ಬರ್ತೇನಿ."

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು. ಆ ಮನೆಯಲ್ಲಿ ಒಂದು ವರ್ಷ ನನ್ನನ್ನು ಗಾಜಿನವರ ಹುಡುಗಿ ಎಂದೇ ಕರೆದರು.

ಅಷ್ಟರಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಯ ಕಾರಕೂನರೆಲ್ಲ ಉರ್ದು ಬಿಟ್ಟು, ಮೀಸೆ ಬಂದ ಮೇಲೆ ಕನ್ನಡ ಅಕ್ಷರ ತಿದ್ದಲು ಕೂತರು. ಕಾಕಾ ಮೊದಮೊದಲು ನಕ್ಕ. "ಉರ್ದು ಆದ್ರೇನು, ಕನ್ನಡ ಆದ್ರೇನು? ಗಾಜಿಗಿ ಹತ್ತೋ ಧೂಳ ಒಂದೇ." ಆದರೆ ಸುದ್ದಿಯೊಂದು ಬಂತು. ಮೈಸೂರು ಕಡೆಯಿಂದ ದೊಡ್ಡ ಸಾಹೇಬರು ಬರುತ್ತಾರೆ, ಯಾರ ಕೆಲಸ ಬೇಕು, ಯಾರದು ಬೇಡ ಎಂದು ಕಣ್ಣಾರೆ ನೋಡಿ ತೀರ್ಮಾನ ಮಾಡುತ್ತಾರೆ. ಆತನ ನಗೆ ಅಲ್ಲಿಗೆ ನಿಂತಿತು. ಆತನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

"ಸಾಹೇಬರು ನೋಡಿದ್ರ ಕಿಟಕ್ಯಾಗ ಗಾಜೇ ಇಲ್ಲ ಅನಸಬೇಕು. ಹಾಂಗಾದ್ರಷ್ಟೇ ನನ್ನ ನೌಕರಿ ಉಳೀತದ" ಎಂದು, ಇದ್ದಬದ್ದ ಅರಿವೆಯನ್ನೆಲ್ಲ ಕುದಿಸಿ, ಒಣಗಿಸಿ, ಗಂಟು ಕಟ್ಟಿ ತಲೆದಿಂಬಿನ ಹತ್ತಿರ ಇಟ್ಟುಕೊಂಡ.

ನಾನು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದದ್ದೂ ಅದೇ ಚಳಿಗಾಲದಲ್ಲಿ. ನಮ್ಮಲ್ಲಿ ಹುಟ್ಟಿದ ಕೂಸಿಗೆ ಹೊಸ ಅರಿವೆ ಹಾಕುವುದಿಲ್ಲ. ಹಿರಿಯರು ಉಟ್ಟು ಮೆತ್ತಗಾದ ಹಳೇ ಅರಿವೆಯಲ್ಲೇ ಸುತ್ತಬೇಕು. ಅವ್ವ ಪೆಟ್ಟಿಗೆಯೆಲ್ಲ ತೆಗೆದು ಕೆದಕಿದಳು. ಸೀರೆಗಳಂತೂ ಬಣ್ಣ ಬಿಡುವಂಥವು. ಮನೆಯಲ್ಲಿ ಒಂದಾದರೂ ಹಳೇ ಧೋತರ ಉಳಿದಿದ್ದರೆ ತಾನೇ! ಅವಳು ತಲೆ ಮೇಲೆ ಕೈಹೊತ್ತು ಕೂತಳು.

"ನನ್ನ ಮಗಳ ಕೂಸಿನ ಅರಿವಿ ಕಚೇರಿ ಕಿಟಕಿಗಿ ಹೋಗ್ಯಾವ! ಒಂದ ನಾಕು ಕೊಡ್ರಿ ಅದರಾಗ."

"ಸಾಹೇಬರು ಬಂದು ಹೋಗಲಿ ವೈನಿ, ಎಲ್ಲಾ ಕೊಡ್ತೇನಿ. ಕೂಸಿಗಿ ಇನ್ನ ತಿಂಗಳ ಟೈಮ್ ಅದ."

ಕೂಸಿಗೆ ಅದು ಗೊತ್ತಿರಲಿಲ್ಲ. ಸಾಹೇಬರು ಬರುವ ದಿನವೇ, ಹೊತ್ತು ಹುಟ್ಟುವುದರೊಳಗೆ ಹುಟ್ಟಿಬಿಟ್ಟಳು. ಬೆಕ್ಕಿನ ಮರಿಯಷ್ಟು ಇದ್ದಳು. ಅಳುವ ದನಿಯೂ ಸರಿಯಾಗಿ ಹೊರಡುತ್ತಿರಲಿಲ್ಲ. ಅವ್ವ ಬೇರೆ ದಾರಿ ಕಾಣದೆ ಹೊಸ ಅರಿವೆಯನ್ನೇ ಸುತ್ತಿದಳು. ಗಂಜಿ ತಿಕ್ಕಿ ಆ ತೆಳು ಚರ್ಮ ಕೆಂಪಾಗಿ ಎದ್ದಿತು. ಸೂಲಗಿತ್ತಿ ಅದನ್ನು ಕಿತ್ತೆಸೆದು ಕೂಗಿದಳು: "ಮೆತ್ತನ್ನ ಅರಿವಿ ಕೊಡ್ರೆವ್ವಾ! ಕೂಸು ತಣ್ಣಗ ಆಗ್ಲಾಕತ್ತದ!"

ಹೊರಗೆ ಕಾಕಾ ಕಚೇರಿಗೆ ಹೊರಟು ನಿಂತಿದ್ದ. ಆತನ ಚಪ್ಪಲಿಯ ಸದ್ದು ನಿಂತದ್ದು ನನಗೆ ಕೇಳಿಸಿತು. ಆಮೇಲೆ ಬಾಗಿಲ ಸಂದಿಯಿಂದ ಇಡೀ ಗಂಟು ಒಳಗೆ ಬಂತು.

"ಎಲ್ಲಾ ಕುದಸಿದ್ದವ. ಎಣ್ಣಿ ಮುಟ್ಟಿಲ್ಲ" ಎಂದಿತು ದನಿ. ಚಪ್ಪಲಿ ಹೊರಟುಹೋದವು.

ಕಚೇರಿಯಲ್ಲಿ ಏನಾಯಿತು ಎಂಬುದನ್ನು ಅಲ್ಲೇ ಜವಾನರಾಗಿದ್ದ ನಮ್ಮ ನೆರೆಮನೆಯವರು ಮಧ್ಯಾಹ್ನ ಬಂದು ಹೇಳಿದರು. ಸಾಹೇಬರ ಸಲುವಾಗಿ ಹೊದ್ದುಕೊಂಡಿದ್ದ ಹೊಸ ಶಲ್ಯವನ್ನೇ ತೆಗೆದು ಕಾಕಾ ಗಾಜು ಒರೆಸಿದನಂತೆ. ಬಿಸಿಲು ಏರುತ್ತಲೂ ಕಿಟಕಿ ಕಿಟಕಿಯಲ್ಲೂ ಗೆರೆ ಎದ್ದು ಕಂಡವಂತೆ, ಸುಣ್ಣ ಬಳಿದ ಹಾಗೆ.

"ಇದನ್ನ ಒರೆಸೋರು ಯಾರು?" ಎಂದು ಸಾಹೇಬರು ಕೇಳಿದರು.

"ನಾನೇ ರೀ" ಎಂದು ಕಾಕಾ ಮುಂದೆ ಬಂದ.

"ಈ ಚೆಂದಕ್ಕೆ ಒಬ್ಬ ಬೇರೆ ಆಳು ಬೇಕಾ?"

ಅಲ್ಲಿಗೆ ಕಾಕಾನ ನೌಕರಿ ಮುಗಿಯಿತು. "ಮನ್ಯಾಗ ಹಿಂಗಾಗ್ಯಾದ ಅಂತ ಒಂದ ಮಾತ ಅನ್ನಬೇಕಿಲ್ರಿ? ಬಾಯೇ ಬಿಡಲಿಲ್ಲ!" ಎಂದು ನೆರೆಮನೆಯವರು ಹಣೆ ಬಡಿದುಕೊಂಡರು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಒಳಗೆ ಮಲಗಿದ್ದ ನನಗೆ ಅಳು ತಡೆಯಲಾಗಲಿಲ್ಲ.

ಕಾಕಾ ಬಂದದ್ದು ಎಷ್ಟೋ ಹೊತ್ತಿನ ಮೇಲೆ. ಬಾಣಂತಿ ಕೋಣೆಗೆ ಗಂಡಸರು ಬರುವಂತಿಲ್ಲವಲ್ಲ, ಬಾಗಿಲ ಹೊರಗೇ ಕೂತ. ಅಲ್ಲಿಂದಲೇ ಕೇಳಿದ.

"ಕೂಸು ಅಳಲಾಕತ್ತದೇನು?"

"ಇಲ್ಲ ಕಾಕಾ. ಬೆಚ್ಚಗ ಮಲಗ್ಯಾಳ."

"ಅರಿವಿ ಚುಚ್ಚವಲ್ಲವೇನು?"

"ಇಲ್ಲ ಕಾಕಾ. ಬೆಣ್ಣಿ ಇದ್ದಂಗ ಅವ."

ಆತ ತನಗೇ ಹೇಳಿಕೊಳ್ಳುವಂತೆ ಹೇಳಿದ:

"ಇಷ್ಟ ಛಲೋ ಅರಿವಿ, ಇಷ್ಟ ವರ್ಷ ಬರೇ ಗಾಜಿಗಿ ಹಾಕಿದೆ ನೋಡವ್ವಾ."