ಬೋಗುಣಿಯ ಕೆಳಗಿದ್ದ ಅಣಬೆ

"ತಿಂದೆ ಅಂದ್ನಲ್ಲ ಅಕ್ಕ, ಇನ್ನೆಷ್ಟು ಸಲ ಹೇಳ್ಲಿ?"

"ಆ ಬೋಗುಣಿ ಕೆಳಗಿದ್ದದ್ದನ್ನಾ?"

"ಊಟದ ಮೇಜಿನ ಮೇಲಿತ್ತು. ಊಟ ಅಂದ್ಕೊಂಡೆ."

"ಅದು ಊಟ ಅಲ್ವೋ ಕತ್ತೆ! ಮರದ ಬುಡದಲ್ಲಿ ಸಿಕ್ಕಿದ ಕಾಡಣಬೆ. ಬೀಜದ ಪುಡಿ ಉದುರ್ಲಿ ಅಂತ ಬಿಳಿ ಕಾಗದದ ಮೇಲಿಟ್ಟು ಮುಚ್ಚಿದ್ದೆ. ಪುಡಿ ಬಣ್ಣ ನೋಡಿದ್ರೇನೇ ಜಾತಿ ಗೊತ್ತಾಗೋದು!"

"ಅಣಬೆಗೂ ಜಾತಿ ಕೇಳ್ತೀಯಾ? ಥೂ!"

ಅಕ್ಕ ಶಾಲೆಯಲ್ಲಿ ಚಿತ್ರಕಲೆ ಟೀಚರ್. ರಜೆ ಬಂತೆಂದರೆ ಕಾಡಣಬೆ ಹುಡುಕಿ, ಅಳೆದು, ಚಿತ್ರ ಬರೆದು ನೋಟ್‌ಬುಕ್ಕಿನಲ್ಲಿ ದಾಖಲಿಸುವ ಹುಚ್ಚು. ತಮ್ಮ ಬಸ್ ಡ್ರೈವರ್. ಬೆಳಗಿನ ಪಾಳಿ ಮುಗಿಸಿ ಬಂದಿದ್ದ. ಅಕ್ಕ ದಪ್ಪನೆಯ ಅಣಬೆ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು.

"ಕಾಂಡದ ಸುತ್ತ ಬಳೆ ಇತ್ತಾ?"

"ಮದುವೆ ಆಗಿರೋ ಥರ ಕಾಣ್ಲಿಲ್ಲ."

"ತಮಾಷೆ ಬೇಡ! ಟೋಪಿ ಕೆಳಗಡೆ ಬಿಳೀನಾ, ಕಂದಾ?"

"ಈಗ ಮಾತ್ರ ಕಂದ! ಆಗ್ಲೇ ಕತ್ತೆ ಅಂದೆ."

"ಕಂದು ಬಣ್ಣಾನಾ ಅಂತ ಕೇಳಿದ್ದು, ಕತ್ತೆ!"

ನಿನ್ನೆ ತೆಗೆದ ಫೋಟೋವನ್ನು ಅವಳು ಅಣಬೆ ಗುರುತಿಸುವ ಮೊಬೈಲ್ ಆ್ಯಪ್‌ಗೆ ಹಾಕಿದಳು. ತಮ್ಮ ಕತ್ತು ಉದ್ದ ಮಾಡಿದ.

"ಏನಂತೆ?"

"ಮೂರು ಹೆಸರು ಕೊಟ್ಟಿದೆ. ಒಂದನ್ನ ತಿನ್ನಬಹುದು. ಇನ್ನೊಂದು ತಿಂದ್ರೆ ಲಿವರ್ ಹೋಗುತ್ತೆ."

"ಮೂರನೇದು?"

"ಟೇಬಲ್ ಲ್ಯಾಂಪು."

"ಲ್ಯಾಂಪೇ ಇರ್ಲಿ ಬಿಡು."

ಅಕ್ಕ ತನ್ನ ಅಣಬೆ ಗುಂಪಿನ ಹಿರಿಯರಾದ ಸಸ್ಯಶಾಸ್ತ್ರದ ಮೇಷ್ಟ್ರಿಗೆ ಫೋನ್ ಮಾಡಿದಳು. ಆ ಕಡೆಯಿಂದ ಗುಡುಗು ಬಂತು: "ಪುಸ್ತಕ, ಆ್ಯಪ್ ಎಲ್ಲ ಮುಚ್ಚಿಡಮ್ಮ! ಮೊದ್ಲು ಆಸ್ಪತ್ರೆ. ಚೆನ್ನಾಗಿದ್ದೀನಿ ಅಂದ್ರೂ ಬಿಡ್ಬೇಡ, ಎಳ್ಕೊಂಡು ಹೋಗು."

ಅಕ್ಕ ಬಾಗಿಲಿಗೆ ಓಡಿದಳು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅವನದು ಹಾಕಿಕೊಂಡಳು.

"ನನ್ನ ಹುಚ್ಚಿಗೆ ನೀನು ಬಲಿಯಾದ್ಯಲ್ಲೋ! ಆ ನೋಟ್‌ಬುಕ್ಕು, ಪುಸ್ತಕ ಎಲ್ಲಾ ಇವತ್ತೇ ಸುಟ್ಟುಹಾಕ್ತೀನಿ..."

ಅವಳು ಬಿಕ್ಕುವುದನ್ನು ಕಂಡು ತಮ್ಮನ ಮುಖ ಚಿಕ್ಕದಾಯಿತು.

"ಅಳ್ಬೇಡ ಅಕ್ಕ. ನಾನು ಅದನ್ನ ತಿಂದೇ ಇಲ್ಲ."

"ಮತ್ತೆ?"

"ಕೊಳೆತಿದೆ ಅಂತ ಕಾಗದದ ಸಮೇತ ಬೀದಿ ಕಸದ ತೊಟ್ಟಿಗೆ ಎಸೆದೆ. ಹೋದ ವಾರ ಇನ್ಯಾವುದೋ ಎಸೆದಾಗ, ಮತ್ತೆ ಎಸೆದ್ರೆ ಮನೆಯಿಂದಾಚೆ ಹಾಕ್ತೀನಿ ಅಂತ ನೀನು ಹೇಳಿದ್ದೆ. ತಿಂದೆ ಅಂದ್ರೆ ಪಾಪ ಅಂತೀಯೇನೋ ಅಂದ್ಕೊಂಡೆ."

ಅಕ್ಕ ಕಣ್ಣೊರೆಸಿಕೊಂಡಳು. ಅವನ ಚಪ್ಪಲಿ ಅವಳ ಕಾಲಿನಿಂದ ಕೈಗೆ ಬಂತು.

ಹತ್ತು ನಿಮಿಷದಲ್ಲಿ ತಮ್ಮ, ಡ್ರೈವರ್ ಸಮವಸ್ತ್ರದಲ್ಲೇ, ತೊಟ್ಟಿಯೊಳಗೆ ಸೊಂಟದವರೆಗೆ ಇಳಿದಿದ್ದ. ಎದುರಿನ ಸ್ಟಾಪಿನಲ್ಲಿದ್ದ ಅವನ ಪ್ರಯಾಣಿಕರು ಬಸ್ಸು ಮರೆತು ನೋಡುತ್ತಿದ್ದರು. ಅಕ್ಕ ನೋಟ್‌ಬುಕ್ಕು, ಪೆನ್ನು ಹಿಡಿದು ನಿಂತಿದ್ದಳು.

"ಸಿಕ್ತು ಅಕ್ಕ! ಟೋಪಿ ಒಂಚೂರು ಮುರಿದಿದೆ, ಅಷ್ಟೇ. ಆದ್ರೂ... ಸಿಕ್ಕಿದ ಜಾಗ ಕಸದ ತೊಟ್ಟಿ ಅಂತ ಬರೀತೀಯಾ?"

"ಅಣಬೆಗೆ ಮರದ ಬುಡ ಅಂತಾನೇ ಬರೀತೀನಿ. ಕಸದ ತೊಟ್ಟಿ ನಿನ್ನ ಹೆಸರಿನ ಮುಂದೆ."